ಮಳೆಯ ಮೇಲೆ ಹೊರಿಸಿದ ಅಪವಾದ



ಮಳೆಯಿಂದ ನಿಂತುಹೋದ ಆಟದ ಕಥೆ ನಮಗೇನೂ ಹೊಸದಲ್ಲ. ಕ್ರಿಕೆಟ್ಟಿನ ದಯೆಯಿಂದ ಮೋಡ ನೋಡಿ ಭವಿಷ್ಯ ಹೇಳುವುದು, ಪಿಚ್ಚಿನ ಮೇಲೆ ಹೊದಿಕೆ ಎಳೆಯುವವರ ಓಟ ನೋಡುವುದು, ಡಕ್ವರ್ತ್–ಲೂಯಿಸ್ ಲೆಕ್ಕವನ್ನು ಪೂರ್ತಿ ಅರ್ಥವಾದವರಂತೆ ಚರ್ಚಿಸುವುದು, ಇವೆಲ್ಲ ನಮ್ಮ ಮನೆಗಳಲ್ಲಿ ನಡೆದೇ ಇರುತ್ತವೆ. ಮಳೆ ಬಂತು, ಆಟ ನಿಂತಿತು, ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು.

ಆದರೆ ಅಮೆರಿಕದ ಫುಟ್‌ಬಾಲ್ ಮಳೆಗೆ ಹೆದರುವ ಆಟವಲ್ಲ. ಮಳೆ ಸುರಿಯಲಿ, ಹಿಮ ಬೀಳಲಿ, ಆಡುತ್ತಲೇ ಇರುತ್ತಾರೆ. 1967ರ ಡಿಸೆಂಬರ್ 31ರಂದು ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಊರಿನಲ್ಲಿ ಅವರ ರಾಷ್ಟ್ರೀಯ ಲೀಗಿನ ಅಂತಿಮ ಪಂದ್ಯ ನಡೆಯಿತು. ಉಷ್ಣಾಂಶ ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗೆ. ರೆಫರಿಯ ಲೋಹದ ಸೀಟಿ ಚಳಿಗೆ ತುಟಿಗೇ ಅಂಟಿಕೊಂಡಿತು. ಕಿತ್ತರೆ ತುಟಿಯ ಚರ್ಮವೂ ಬಂತು. ಆಮೇಲೆ ಬಾಯಲ್ಲೇ ಕೂಗಿ ಪಂದ್ಯ ನಡೆಸಿದರೇ ಹೊರತು ಯಾರೂ ಮನೆಗೆ ಹೋಗಲಿಲ್ಲ. ಗ್ರೀನ್ ಬೇ ತಂಡ 21–17ರಿಂದ ಗೆದ್ದೂ ಆಯಿತು.

ಇಂಥ ಗಟ್ಟಿಗರ ಆಟ ಒಂದು ಬೇಸಿಗೆಯ ರಾತ್ರಿ ಮಳೆಗೆ ನಿಂತಿತು. ನಿಂತ ಪಂದ್ಯ ಮತ್ತೆ ಶುರುವಾಗಲಿಲ್ಲ. ಮರುವರ್ಷವೂ ಆಗಲಿಲ್ಲ, ಇವತ್ತಿನವರೆಗೂ ಆಗಿಲ್ಲ. 1934ರಿಂದ ನಡೆದುಕೊಂಡು ಬಂದಿದ್ದ ಒಂದು ವಾರ್ಷಿಕ ಪಂದ್ಯದ ಕೊನೆಯ ಕಂತು ಅದಾಗಿತ್ತು. ಸ್ಥಳ ಶಿಕಾಗೊ ನಗರದ ಸೋಲ್ಜರ್ ಫೀಲ್ಡ್ ಕ್ರೀಡಾಂಗಣ. ದಿನ 1976ರ ಜುಲೈ 23, ಶುಕ್ರವಾರ. ಒಂದು ಕಡೆ ಆ ವರ್ಷದ ವೃತ್ತಿಪರ ಚಾಂಪಿಯನ್ನರಾದ ಪಿಟ್ಸ್‌ಬರ್ಗ್ ಸ್ಟೀಲರ್ಸ್. ಇನ್ನೊಂದು ಕಡೆ ದೇಶದ ಕಾಲೇಜುಗಳಿಂದ ಆಗಷ್ಟೇ ಹೊರಬಂದ ಅತ್ಯುತ್ತಮ ಆಟಗಾರರನ್ನು ಆರಿಸಿ ಕಟ್ಟಿದ ತಾರಾ ತಂಡ.

ಮುಂದಿನ ಮಾತಿಗೆ ಮೊದಲು ಈ ಆಟದ ಗುಟ್ಟು ಸ್ವಲ್ಪ ತಿಳಿದಿರಲಿ. ಇಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಎರಡೂ ಕಡೆ ಹನ್ನೊಂದು ಜನ, ಮೈದಾನದ ಉದ್ದ 100 ಗಜ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೀಗೆ ಗಜಗಜಕ್ಕೂ ಗುದ್ದಾಡಿ ಕೊನೆಯ ಗೆರೆ ದಾಟಿದರೆ ಆರು ಅಂಕ, ಅದೇ ಟಚ್‌ಡೌನ್. ಅದರ ಬೆನ್ನಿಗೇ ಚೆಂಡನ್ನು ಗೋಲ್‌ಪೋಸ್ಟಿನ ನಡುವೆ ಒದ್ದರೆ ಇನ್ನೊಂದು. ಗೆರೆ ದಾಟಲಾಗದೆ ದೂರದಿಂದಲೇ ಒದ್ದು ಕಂಬಗಳ ನಡುವೆ ಹಾಯಿಸಿದರೆ ಮೂರು. ಚೆಂಡಿದ್ದ ತಂಡ ತನ್ನದೇ ಗೆರೆಯ ಹಿಂದೆ ಸಿಕ್ಕಿಬಿದ್ದರೆ ಎದುರಾಳಿಗೆ ಎರಡು. ಆಟಕ್ಕೆ ನಾಲ್ಕು ಭಾಗ, ಅವನ್ನು ಕ್ವಾರ್ಟರ್ ಅನ್ನುತ್ತಾರೆ. ಇಷ್ಟು ಸಾಕು.

ಚಾಂಪಿಯನ್ ತಂಡವನ್ನು ಕಾಲೇಜು ಹುಡುಗರ ಮೇಲೆ ಬಿಡುವುದು ಎಲ್ಲಿಯ ನ್ಯಾಯ ಎಂದು ಇವತ್ತು ಯಾರಿಗಾದರೂ ಅನ್ನಿಸುತ್ತದೆ. ಪಂದ್ಯ ಶುರುವಾದ ಕಾಲದಲ್ಲಿ ಪ್ರಶ್ನೆ ಉಲ್ಟಾ ಇತ್ತು. ಈ ಸಂಬಳದ ಆಟಗಾರರಿಗೆ ನಮ್ಮ ಕಾಲೇಜು ಹುಡುಗರ ಎದುರು ನಿಲ್ಲುವ ತಾಕತ್ತಿದೆಯೇ ಎಂದು ಜನ ಕೇಳುತ್ತಿದ್ದರು.

1920, 30ರ ದಶಕಗಳ ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ಕಾಲೇಜಿನ ಫುಟ್‌ಬಾಲ್. ಶನಿವಾರ ಮಧ್ಯಾಹ್ನ ವಿಶ್ವವಿದ್ಯಾಲಯದ ಮೈದಾನದಲ್ಲಿ ವಾದ್ಯವೃಂದ, ಹಳೆಯ ವಿದ್ಯಾರ್ಥಿಗಳ ಗುಂಪು, ಊರಿಗೆ ಊರೇ ಸೇರುತ್ತಿತ್ತು. ದುಡ್ಡಿಗೆ ಆಡುವವರೆಂದರೆ ಮೂಗು ಮುರಿಯುತ್ತಿದ್ದರು. ಇಲಿನಾಯ್ ವಿಶ್ವವಿದ್ಯಾಲಯದ ರೆಡ್ ಗ್ರೇಂಜ್ 1925ರಲ್ಲಿ ಕಾಲೇಜಿನ ಕೊನೆಯ ಪಂದ್ಯ ಮುಗಿಸಿದ ಬೆನ್ನಿಗೇ ಶಿಕಾಗೊ ಬೇರ್ಸ್ ತಂಡ ಸೇರಿದಾಗ ಅದೊಂದು ಹಗರಣದಂತೆಯೇ ಸುದ್ದಿಯಾಯಿತು. ಇನ್ನೂ ತಮಾಷೆಯ ಸಂಗತಿ ಜೇ ಬರ್ವಾಂಗರ್‌ನದು. 1936ರಲ್ಲಿ ವೃತ್ತಿಪರ ಲೀಗು ಮೊದಲ ಸಲ ಕಾಲೇಜು ಆಟಗಾರರನ್ನು ಸರದಿಯ ಪ್ರಕಾರ ತಂಡಗಳಿಗೆ ಹಂಚುವ ಪದ್ಧತಿ ತಂದಿತು. ಅದೇ ಡ್ರಾಫ್ಟ್. ಮೊಟ್ಟಮೊದಲು ಕೂಗಿದ ಹೆಸರು ಬರ್ವಾಂಗರ್. ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಪ್ರಶಸ್ತಿಯಾದ ಹೈಸ್‌ಮನ್ ಟ್ರೋಫಿಯನ್ನು ಮೊದಲು ಗೆದ್ದವನೂ ಅವನೇ. ಅವನು ವೃತ್ತಿಪರ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಬೇರೆ ಉದ್ಯೋಗ ಹಿಡಿದು ಸುಖವಾಗಿದ್ದ. ಇವತ್ತು ಅದೇ ಡ್ರಾಫ್ಟಿನ ಮೊದಲ ಹೆಸರಿಗೆ ಕೋಟಿಗಟ್ಟಲೆ ಡಾಲರ್ ಸುರಿಯುತ್ತಾರೆ.

ಇಂಥ ಕಾಲದಲ್ಲಿ ಶಿಕಾಗೊ ಟ್ರಿಬ್ಯೂನ್ ಪತ್ರಿಕೆಯಲ್ಲಿ ಆರ್ಚ್ ವಾರ್ಡ್ ಎಂಬ ಕ್ರೀಡಾ ಸಂಪಾದಕರಿದ್ದರು. ಸುದ್ದಿ ಬರೆಯುವುದಷ್ಟಕ್ಕೇ ತೃಪ್ತಿಪಡುವ ಜೀವವಲ್ಲ, ಸುದ್ದಿಯನ್ನು ಹುಟ್ಟಿಸುವ ಕಲೆಯೂ ಅವರಿಗೆ ಗೊತ್ತಿತ್ತು. 1933ರಲ್ಲಿ ಶಿಕಾಗೊದಲ್ಲಿ ದೊಡ್ಡ ವಿಶ್ವ ಪ್ರದರ್ಶನ ನಡೆದಾಗ ಬೇಸ್‌ಬಾಲಿನ ಎರಡು ಲೀಗುಗಳ ತಾರೆಯರನ್ನು ಎದುರುಬದುರು ಆಡಿಸಿದವರು ಇವರೇ. ಆ ಪಂದ್ಯ ಇವತ್ತಿಗೂ ಪ್ರತಿವರ್ಷ ನಡೆಯುತ್ತದೆ. ಮರುವರ್ಷ ಅವರು ಫುಟ್‌ಬಾಲಿಗೆ ಕೈ ಹಾಕಿದರು. ವೃತ್ತಿಪರರ ಚಾಂಪಿಯನ್ ತಂಡ ಒಂದು ಕಡೆ, ಪತ್ರಿಕೆಗಳ ಓದುಗರು ಮತ ಹಾಕಿ ಆರಿಸಿದ ಕಾಲೇಜು ತಾರೆಯರು ಇನ್ನೊಂದು ಕಡೆ, ಬಂದ ಹಣ ದತ್ತಿ ಕಾರ್ಯಗಳಿಗೆ. ಪತ್ರಿಕೆಯ ಮಾರಾಟಕ್ಕೂ ಒಳ್ಳೆಯದು, ಪುಣ್ಯಕ್ಕೂ ಒಳ್ಳೆಯದು. ಪತ್ರಿಕೋದ್ಯಮದಲ್ಲಿ ಇವೆರಡೂ ಒಟ್ಟಿಗೆ ಕೂಡಿಬರುವುದು ಅಪರೂಪ.

1934ರ ಆಗಸ್ಟ್ 31ರ ರಾತ್ರಿ ಸೋಲ್ಜರ್ ಫೀಲ್ಡಿನಲ್ಲಿ ಮೊದಲ ಪಂದ್ಯ. ಸೇರಿದ ಜನ 79,432. ಎದುರಿಗೆ ಚಾಂಪಿಯನ್ ಶಿಕಾಗೊ ಬೇರ್ಸ್. ಫಲಿತಾಂಶ 0–0. ಅಂಕವೇ ಇಲ್ಲದ ಆಟ ನೋಡಿ ಜನ ಬೇಸರಪಟ್ಟಿರಬೇಕು ಎಂದುಕೊಂಡರೆ ತಪ್ಪು. ಜಗಳ ಬಗೆಹರಿಯಲಿಲ್ಲ, ಆದ್ದರಿಂದ ಮುಂದಿನ ವರ್ಷವೂ ಜನ ಬಂದರು. ಆಯೋಜಕರಿಗೆ ಇದಕ್ಕಿಂತ ಒಳ್ಳೆಯ ಫಲಿತಾಂಶ ಬೇಡಿದರೂ ಸಿಗುತ್ತಿರಲಿಲ್ಲ.

1935ರಲ್ಲಿ ಬೇರ್ಸ್ ತಂಡವೇ ಮತ್ತೆ ಬಂದು 5–0 ಅಂತರದಿಂದ ಗೆದ್ದಿತು. ಆ ರಾತ್ರಿ ಸೋತ ತಾರಾ ತಂಡದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಒಬ್ಬ ಹುಡುಗನಿದ್ದ. ಸೆಂಟರ್ ಸ್ಥಾನದವನು, ಅಂದರೆ ಪ್ರತಿ ಸಲ ಚೆಂಡನ್ನು ಕಾಲಸಂದಿಯಿಂದ ಹಿಂದಕ್ಕೆ ಕೊಟ್ಟು ಮರುಕ್ಷಣವೇ ಎದುರಿನವನ ಹೊಡೆತ ತಿನ್ನುವವನು. ವೃತ್ತಿಪರ ತಂಡಗಳು ಕರೆದರೂ ಹೋಗದೆ ಕಾನೂನು ಓದಲು ಯೇಲ್ ಕಡೆ ಹೊರಟ. ಹೆಸರು ಜೆರಾಲ್ಡ್ ಫೋರ್ಡ್. 1976ರಲ್ಲಿ ಈ ಪಂದ್ಯ ಮಳೆಗೆ ಮುಳುಗಿದಾಗ ಶ್ವೇತಭವನದಲ್ಲಿ ಅಧ್ಯಕ್ಷರಾಗಿ ಕೂತಿದ್ದವರು ಇದೇ ಫೋರ್ಡ್. ಪಕ್ಷದೊಳಗೆ ರೊನಾಲ್ಡ್ ರೇಗನ್ ಜೊತೆ ಉಮೇದುವಾರಿಕೆಯ ಗುದ್ದಾಟದಲ್ಲಿದ್ದರು.

ಕಾಲೇಜಿನವರು ಮೊದಲ ಸಲ ಗೆದ್ದದ್ದು 1937ರಲ್ಲಿ, ಗ್ರೀನ್ ಬೇ ಪ್ಯಾಕರ್ಸ್ ಎದುರು, 6–0. ಟೆಕ್ಸಸ್‌ನಿಂದ ಬಂದ ಸ್ಯಾಮಿ ಬಾ ಎಂಬ ಹುಡುಗ ಎಸೆದ ಒಂದು ಉದ್ದದ ಪಾಸ್ ಆ ರಾತ್ರಿಯ ಏಕೈಕ ಟಚ್‌ಡೌನ್ ಆಯಿತು. ಅವನು ಮುಂದೆ ವಾಷಿಂಗ್ಟನ್ ತಂಡ ಸೇರಿ, ಚೆಂಡನ್ನು ಎತ್ತಿಕೊಂಡು ನುಗ್ಗುವುದಷ್ಟೇ ಫುಟ್‌ಬಾಲ್ ಎಂದು ನಂಬಿದ್ದವರಿಗೆ ಚೆಂಡನ್ನು ಎಸೆಯುವುದೂ ಫುಟ್‌ಬಾಲೇ ಎಂದು ತೋರಿಸಿಕೊಟ್ಟ. ಮರುವರ್ಷ ಅದೇ ವಾಷಿಂಗ್ಟನ್ ತಂಡ ಚಾಂಪಿಯನ್ ಆಗಿ ಬಂದಾಗ ಕಾಲೇಜಿನವರು ಅದನ್ನೂ 28–16ರಿಂದ ಸೋಲಿಸಿದರು.

ಶಿಖರ ಮುಟ್ಟಿದ್ದು 1947ರಲ್ಲಿ. ಯುದ್ಧ ಮುಗಿದಿತ್ತು, ಜನರ ಕೈಯಲ್ಲಿ ಕಾಸಿತ್ತು. ಸೋಲ್ಜರ್ ಫೀಲ್ಡಿನಲ್ಲಿ ಅಂದು ಸೇರಿದವರು 1,05,840 ಮಂದಿ. ಕಾಲೇಜಿನ ಹುಡುಗರು ತಮ್ಮೂರಿನ ಚಾಂಪಿಯನ್ ಬೇರ್ಸ್ ತಂಡವನ್ನು 16–0ರಿಂದ ಹೊಡೆದು ಕೂಡಿಸಿದ್ದನ್ನು ಅಷ್ಟು ಜನ ಕಣ್ಣಾರೆ ಕಂಡರು. ಅಷ್ಟು ಹೊತ್ತಿಗೆ ಒಟ್ಟು ಹದಿನಾಲ್ಕು ಪಂದ್ಯಗಳಾಗಿದ್ದವು. ಕಾಲೇಜಿನವರು ಐದು ಗೆದ್ದಿದ್ದರು, ಎರಡು ಸಮವಾಗಿದ್ದವು. ಸಂಬಳದವರ ಯೋಗ್ಯತೆಯ ಪ್ರಶ್ನೆ ಇನ್ನೂ ಜೀವಂತವಾಗಿತ್ತು.

ಆಮೇಲೆ ನಿಧಾನವಾಗಿ ಕಾಲ ತಿರುಗಿತು. ತಿರುಗಿಸಿದ್ದು ಬಹುಮಟ್ಟಿಗೆ ಟೆಲಿವಿಷನ್. 1958ರ ಡಿಸೆಂಬರಿನಲ್ಲಿ ಬಾಲ್ಟಿಮೋರ್ ಮತ್ತು ನ್ಯೂಯಾರ್ಕ್ ತಂಡಗಳ ಅಂತಿಮ ಪಂದ್ಯ ಹೆಚ್ಚುವರಿ ಆಟಕ್ಕೆ ಹೋಗಿ 23–17ರಲ್ಲಿ ಮುಗಿದಾಗ ಕೋಟ್ಯಂತರ ಜನ ಮನೆಯಲ್ಲೇ ಕೂತು ನೋಡಿದರು. ಭಾನುವಾರದ ವೃತ್ತಿಪರ ಆಟ ಶನಿವಾರದ ಕಾಲೇಜು ಆಟವನ್ನು ಹಿಂದಿಕ್ಕತೊಡಗಿತು. 1967ರ ಜನವರಿಯಲ್ಲಿ, ಮುಂದೆ ಸೂಪರ್ ಬೌಲ್ ಎಂದು ಹೆಸರಾದ ಪಂದ್ಯ ಶುರುವಾಯಿತು. 1970ರಿಂದ ಸೋಮವಾರ ರಾತ್ರಿಯೂ ಟಿವಿಯಲ್ಲಿ ಫುಟ್‌ಬಾಲ್. ಆಟ ಪೂರ್ಣಾವಧಿ ಉದ್ಯೋಗವಾಯಿತು. ಆಟಗಾರರು ವರ್ಷವಿಡೀ ದೇಹ ಬೆಳೆಸುವವರಾದರು. ತರಬೇತುದಾರರು ಎದುರಾಳಿಯ ಆಟದ ಫಿಲ್ಮು ಹಾಕಿಕೊಂಡು ರಾತ್ರಿ ಕಳೆಯುವವರಾದರು.

ಇನ್ನು ತಾರಾ ತಂಡ. ಅಲ್ಲಿ ಒಬ್ಬೊಬ್ಬನೂ ತನ್ನ ಕಾಲೇಜಿನ ರಾಜ. ಆದರೆ ಪ್ರತಿವರ್ಷವೂ ಹೊಸ ತಂಡ. ಕೆಲವೇ ವಾರಗಳ ಅಭ್ಯಾಸ. ಪಕ್ಕದಲ್ಲಿ ನಿಂತವನ ಹೆಸರು ನೆನಪಿಗೆ ಬರುವ ಹೊತ್ತಿಗೆ ಪಂದ್ಯ ಮುಗಿದು ತಂಡ ಚದುರಿಹೋಗುತ್ತಿತ್ತು. ಹನ್ನೊಂದು ಜನರೂ ಒಂದೇ ಕ್ಷಣಕ್ಕೆ ಒಂದೇ ಲೆಕ್ಕದಲ್ಲಿ ಹೆಜ್ಜೆಯಿಡಬೇಕಾದ ಆಟದಲ್ಲಿ ಒಂಟಿ ಪ್ರತಿಭೆ ಎಷ್ಟು ದೂರ ನಡೆದೀತು?

ಆದರೂ 1963ರಲ್ಲಿ ಒಂದು ಪವಾಡ ನಡೆಯಿತು. ಎದುರಿಗಿದ್ದದ್ದು ವಿನ್ಸ್ ಲೊಂಬಾರ್ಡಿಯ ಗ್ರೀನ್ ಬೇ ಪ್ಯಾಕರ್ಸ್, ಸತತ ಎರಡು ವರ್ಷ ಚಾಂಪಿಯನ್ ಆದ ತಂಡ. ಲೊಂಬಾರ್ಡಿ ಎಂದರೆ ಅಮೆರಿಕದಲ್ಲಿ ಶಿಸ್ತಿಗೆ ಇನ್ನೊಂದು ಹೆಸರು. ಸೂಪರ್ ಬೌಲ್ ಗೆದ್ದವರಿಗೆ ಇವತ್ತು ಕೊಡುವ ಟ್ರೋಫಿಗೂ ಅವರದೇ ಹೆಸರಿದೆ. ಆ ತಂಡವನ್ನು ಆಟೊ ಗ್ರಹಾಂ ತರಬೇತಿ ಕೊಟ್ಟ ಹುಡುಗರು 20–17ರಿಂದ ಸೋಲಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾನ್ ವಾಂಡರ್‌ಕೆಲೆನ್ ಎಸೆದ ಚೆಂಡನ್ನು ಅದೇ ವಿಶ್ವವಿದ್ಯಾಲಯದ ಪ್ಯಾಟ್ ರಿಕ್ಟರ್ ಹಿಡಿದು ಓಡಿದ, ಒಟ್ಟು 74 ಗಜದ ಟಚ್‌ಡೌನ್. ಗಮನಿಸಿ, ಇಬ್ಬರೂ ಒಂದೇ ಕಾಲೇಜಿನವರು. ಕಾಲೇಜಿನಲ್ಲಿ ಒಟ್ಟಿಗೆ ಆಡಿದ ಜೋಡಿ. ತಾರಾ ತಂಡಕ್ಕೆ ಏನು ಕೊರತೆಯಿತ್ತು ಎಂಬುದು ಅದರ ಗೆಲುವಿನಲ್ಲೇ ಕಾಣುತ್ತದೆ.

ಅದೇ ಕೊನೆಯ ಗೆಲುವು. ಆಮೇಲೆ ಆಡಿದ ಹನ್ನೆರಡು ಪಂದ್ಯಗಳನ್ನೂ ವೃತ್ತಿಪರರೇ ಗೆದ್ದರು. 1966ರಲ್ಲಿ ಅದೇ ಪ್ಯಾಕರ್ಸ್ ಬಂದು 38–0ರಿಂದ ಬಡ್ಡಿ ಸಮೇತ ತೀರಿಸಿಕೊಂಡರು. ನಡುವೆ ಒಂದೆರಡು ಸಲ ಹುಡುಗರು ಹೆದರಿಸಿದ್ದುಂಟು. 1969ರಲ್ಲಿ ನ್ಯೂಯಾರ್ಕ್ ಜೆಟ್ಸ್ ಗೆದ್ದದ್ದು 26–24ರ ಕೂದಲೆಳೆ ಅಂತರದಲ್ಲಿ. 1974ರಲ್ಲಿ ವೃತ್ತಿಪರ ಆಟಗಾರರು ಮುಷ್ಕರ ಹೂಡಿದ್ದರಿಂದ ಪಂದ್ಯವೇ ನಡೆಯಲಿಲ್ಲ. ಒಂದು ವರ್ಷ ಈ ಪಂದ್ಯ ಇಲ್ಲದೆಯೂ ಋತು ಸಾಗಿತು ಎಂಬುದನ್ನು ತಂಡಗಳ ಮಾಲೀಕರು ಗಮನಿಸದೆ ಇರಲಿಲ್ಲ ಎಂದು ನನ್ನ ಊಹೆ.

ಮಾಲೀಕರ ಚಿಂತೆ ಏನು ಗೊತ್ತೇ? ಡ್ರಾಫ್ಟಿನಲ್ಲಿ ಆರಿಸಿ, ದೊಡ್ಡ ಮೊತ್ತಕ್ಕೆ ಒಪ್ಪಂದ ಮಾಡಿಕೊಂಡ ಹುಡುಗ ತಮ್ಮ ತರಬೇತಿ ಶಿಬಿರಕ್ಕೆ ಬಂದು ತಂಡದ ಪಾಠ ಕಲಿಯಬೇಕಾದ ಹೊತ್ತಿನಲ್ಲಿ ಶಿಕಾಗೊದಲ್ಲಿ ಕೂತಿರುತ್ತಾನೆ. ಅಲ್ಲಿ ಮಂಡಿ ಮುರಿದುಕೊಂಡರೆ ಹೋದದ್ದು ಯಾರ ಹಣ? ವಿಮೆಯ ಖರ್ಚೂ ಏರುತ್ತಿತ್ತು. ದತ್ತಿಯ ಪಂದ್ಯ, ಬೇಡ ಎನ್ನಲು ಬಾಯಿ ಬಾರದು. ಹಾಗೆಂದು ಸಂತೋಷದಿಂದ ಕಳಿಸುವವರೂ ಯಾರೂ ಇರಲಿಲ್ಲ.

ಇಷ್ಟು ಹಿನ್ನೆಲೆ ಇಟ್ಟುಕೊಂಡು ಈಗ 1976ರ ಜುಲೈ 23ಕ್ಕೆ ಬರೋಣ.

ಸೋಲ್ಜರ್ ಫೀಲ್ಡ್ ಮಿಷಿಗನ್ ಸರೋವರದ ದಂಡೆಯಲ್ಲೇ ಇರುವ ಕ್ರೀಡಾಂಗಣ. 1924ರಲ್ಲಿ ತೆರೆದದ್ದು, ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕರ ಸ್ಮಾರಕ. ಎರಡೂ ಬದಿಗೆ ಗ್ರೀಕ್ ದೇವಾಲಯದ ಶೈಲಿಯ ಎತ್ತರದ ಕಂಬಸಾಲು. ಸರೋವರ ಎಂದೆನಲ್ಲ, ನಮ್ಮ ಕಣ್ಣಿಗೆ ಅದು ಸಮುದ್ರವೇ. ಆಚೆ ದಡ ಕಾಣುವುದಿಲ್ಲ. ಬೇಸಿಗೆಯಲ್ಲಿ ಸೆಕೆ ಕಟ್ಟಿ, ಸಂಜೆಯ ಮೇಲೆ ಗುಡುಗುಮಳೆ ನುಗ್ಗಿಬರುವುದು ಆ ಪ್ರಾಂತ್ಯದವರಿಗೆ ವಾಡಿಕೆ. ಮೈದಾನದಲ್ಲಿ 1971ರಿಂದ ಹುಲ್ಲಿರಲಿಲ್ಲ. ಬೇರ್ಸ್ ತಂಡ ಅಲ್ಲಿಗೆ ಬಿಡಾರ ಬದಲಿಸಿದಾಗ ಆಸ್ಟ್ರೊಟರ್ಫ್ ಎಂಬ ಪ್ಲಾಸ್ಟಿಕ್ ಹುಲ್ಲನ್ನು ಹಾಸಿದ್ದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಅದೇ ತಿಂಗಳು, ಅದೇ ಖಂಡದ ಮಾಂಟ್ರಿಯಲ್ ನಗರದಲ್ಲಿ ಒಲಿಂಪಿಕ್ಸ್ ನಡೆಯುತ್ತಿತ್ತು. ಒಲಿಂಪಿಕ್ ಹಾಕಿಯನ್ನು ಮೊದಲ ಸಲ ಇಂಥದೇ ಕೃತಕ ಹುಲ್ಲಿನ ಮೇಲೆ ಆಡಿಸಿದರು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ನಮ್ಮ ತಂಡ ಏಳನೆಯ ಸ್ಥಾನಕ್ಕೆ ಕುಸಿಯಿತು. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. 1928ರಿಂದ ಪ್ರತಿ ಒಲಿಂಪಿಕ್ಸ್‌ನಲ್ಲೂ ಹಾಕಿ ಪದಕ ತಂದಿದ್ದ ದೇಶ ಅಂದು ಬರಿಗೈಯಲ್ಲಿ ಬಂತು. ಪ್ಲಾಸ್ಟಿಕ್ ಹುಲ್ಲನ್ನು ಕಂಡರೆ ನಮ್ಮ ಪೀಳಿಗೆಯ ಹಾಕಿ ಪ್ರೇಮಿಗಳು ಇವತ್ತಿಗೂ ಹಲ್ಲು ಕಡಿಯುವುದು ಸುಮ್ಮನೆ ಅಲ್ಲ.

ಸರಿ, ಶಿಕಾಗೊಗೆ ಮರಳೋಣ. ಆ ರಾತ್ರಿ ಸೇರಿದವರು 52 ಸಾವಿರ ಚಿಲ್ಲರೆ. ಕಡಿಮೆಯೇನಲ್ಲ, ಆದರೆ 1947ರ ಸಂಖ್ಯೆಯ ಅರ್ಧಕ್ಕೂ ಇಲ್ಲ. ತಾರಾ ತಂಡಕ್ಕೆ ಗುರು ಆರಾ ಪಾರ್ಸೀಗಿಯನ್. ನಾಟರ್ ಡೇಮ್ ವಿಶ್ವವಿದ್ಯಾಲಯವನ್ನು ಎರಡು ಸಲ ರಾಷ್ಟ್ರೀಯ ಚಾಂಪಿಯನ್ ಮಾಡಿ, 1974ರಲ್ಲಿ ನಿವೃತ್ತರಾಗಿದ್ದವರು. ಅವರ ಕೈಯಲ್ಲಿದ್ದ ಹುಡುಗರೂ ಸಾಮಾನ್ಯರಲ್ಲ. ಆ ವರ್ಷದ ಡ್ರಾಫ್ಟಿನ ಮೊದಲ ಹೆಸರಾದ ಲೀ ರಾಯ್ ಸೆಲ್ಮನ್ ಇದ್ದ. ಮುಂದೆ ಇಪ್ಪತ್ತು ಋತು ಆಡಿದ ಜಾಕಿ ಸ್ಲೇಟರ್ ಇದ್ದ. ಇವರಿಬ್ಬರೂ ನಂತರ ವೃತ್ತಿಪರ ಫುಟ್‌ಬಾಲಿನ ಕೀರ್ತಿಭವನ ಸೇರಿದವರು. ಚಕ್ ಮನ್ಸಿ, ಮೈಕ್ ಪ್ರೂಯಿಟ್ ಎಂಬ ಬಲಶಾಲಿ ಓಟಗಾರರಿದ್ದರು. ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುವವನು, ಮೈಕ್ ಕ್ರೂಜೆಕ್. ಇವನನ್ನು ಡ್ರಾಫ್ಟಿನಲ್ಲಿ ಆರಿಸಿಕೊಂಡಿದ್ದದ್ದು ಎದುರಿಗೆ ನಿಂತಿದ್ದ ಸ್ಟೀಲರ್ಸ್ ತಂಡವೇ! ನಿಶ್ಚಿತಾರ್ಥ ಮುಗಿದ ಅಳಿಯನನ್ನು ಮದುವೆಗೆ ಮುಂಚೆ ಮಾವನ ಮನೆಯವರೇ ಅಖಾಡಕ್ಕೆ ಇಳಿಸಿ ಮಣ್ಣು ಮುಕ್ಕಿಸಿದ ಹಾಗೆ. ಪುಣ್ಯಕ್ಕೆ ಅವನ ಎಲುಬು ಗಟ್ಟಿಯಿತ್ತು. ಅದೇ ವರ್ಷ ಸ್ಟೀಲರ್ಸ್‌ನ ಟೆರಿ ಬ್ರಾಡ್‌ಶಾ ಗಾಯಗೊಂಡಾಗ ಇವನೇ ಆರು ಪಂದ್ಯ ಮುನ್ನಡೆಸಿ ಆರನ್ನೂ ಗೆದ್ದುಕೊಟ್ಟ.

ಸ್ಟೀಲರ್ಸ್ ಬಗ್ಗೆ ಒಂದೇ ಮಾತು. ಚಕ್ ನೋಲ್ ಪಳಗಿಸಿದ ಆ ತಂಡ ಆ ಜನವರಿಯಲ್ಲಿ ಡಲ್ಲಾಸ್ ತಂಡವನ್ನು 21–17ರಿಂದ ಮಣಿಸಿ ಸತತ ಎರಡನೇ ಸೂಪರ್ ಬೌಲ್ ಗೆದ್ದಿತ್ತು. ಉಕ್ಕಿನ ಕಾರ್ಖಾನೆಗಳ ಊರಿನ ಆ ತಂಡದ ರಕ್ಷಣಾ ಪಡೆಗೆ ಉಕ್ಕಿನ ಪರದೆ ಎಂದೇ ಜನ ಹೆಸರಿಟ್ಟಿದ್ದರು. 1975ರ ತಾರಾ ಪಂದ್ಯದಲ್ಲೂ ಇದೇ ತಂಡ ಬಂದು 21–14ರಿಂದ ಗೆದ್ದಿತ್ತು. ಆಗ ಹುಡುಗರು ಒಂದಿಷ್ಟು ಜೋರಾಗಿಯೇ ಆಡಿದ್ದರು. ಈ ಸಲ ಆ ಭಾಗ್ಯವೂ ಇರಲಿಲ್ಲ. ರಾಯ್ ಗೆರೆಲಾ ಒದ್ದ ಚೆಂಡು ಕಂಬಗಳ ನಡುವೆ ಮತ್ತೆ ಮತ್ತೆ ಹಾಯಿತು. ಫ್ರಾಂಕೊ ಹ್ಯಾರಿಸ್ ಗೆರೆ ದಾಟಿದ. ಮೂರನೇ ಕ್ವಾರ್ಟರ್ ಮುಗಿಯುತ್ತ ಬಂದಾಗ ಅಂಕ 24–0. ಹುಡುಗರಿಂದ ಒಂದು ಅಂಕವೂ ಹುಟ್ಟಿರಲಿಲ್ಲ.

ಅಷ್ಟು ಹೊತ್ತಿಗೆ ಗಾಳಿ ಎದ್ದಿತು. ಮಿಂಚು ಹೊಡೆಯತೊಡಗಿತು. ಈ ಆಟ ನೀರಿಗೆ ಹೆದರದಿದ್ದರೂ ಸಿಡಿಲಿಗೆ ಹೆದರಲೇಬೇಕು. ತೆರೆದ ಬಯಲು, ಎತ್ತರದ ದೀಪದ ಕಂಬಗಳು, ಲೋಹದ ಗೋಲ್‌ಪೋಸ್ಟು. ಕ್ವಾರ್ಟರ್ ಮುಗಿಯಲು 1 ನಿಮಿಷ 22 ಸೆಕೆಂಡು ಇದೆ ಎನ್ನುವಾಗ ಅಧಿಕಾರಿಗಳು ಆಟ ನಿಲ್ಲಿಸಿ ಎರಡೂ ತಂಡಗಳನ್ನು ಒಳಗೆ ಕಳಿಸಿದರು. ಬೆನ್ನಿಗೇ ಆಕಾಶ ಹರಿದುಕೊಂಡಂತೆ ಮಳೆ.

ಜನ ಮನೆಗೆ ಹೋಗಲಿಲ್ಲ, ಮೈದಾನಕ್ಕೆ ಇಳಿದರು. ಮೊದಲು ಒಂದಿಬ್ಬರು ಬೇಲಿ ಹಾರಿದ್ದು, ಆಮೇಲೆ ಗುಂಪಿಗೆ ಗುಂಪೇ. ಪ್ಲಾಸ್ಟಿಕ್ ಹಾಸಿನ ಮೇಲೆ ನೀರು ನಿಂತಿತ್ತು. ಮಣ್ಣಿನ ಮೈದಾನವಾಗಿದ್ದರೆ ಕಾಲು ಹೂತು ಉತ್ಸಾಹ ಇಳಿಯುತ್ತಿತ್ತೋ ಏನೋ, ಇಲ್ಲಿ ಕೆಸರಿಲ್ಲ, ನುಣುಪು ನೀರು ಮಾತ್ರ. ಓಡಿಬಂದು ಹೊಟ್ಟೆಯ ಮೇಲೆ ಬಿದ್ದರೆ ಎಷ್ಟೋ ಗಜ ಜಾರಿಕೊಂಡು ಹೋಗಬಹುದು. ಅಂಗಿ ಕಳಚಿದವರು, ಕೈ ಕೈ ಹಿಡಿದು ಜಾರಿದವರು, ಬಿದ್ದವರ ಮೇಲೆ ಬಿದ್ದವರು. 24–0ರ ನೀರಸ ಪಂದ್ಯಕ್ಕೆ ಕಾಸು ಕೊಟ್ಟು ಬಂದವರು ತಮ್ಮ ಮನರಂಜನೆಯನ್ನು ತಾವೇ ಹುಡುಕಿಕೊಂಡರು ಅನ್ನಬೇಕು. ಇಲ್ಲಿಯವರೆಗೂ ನನಗೆ ಆ ಜನರ ಮೇಲೆ ಕೋಪವಿಲ್ಲ, ಸ್ವಲ್ಪ ಹೊಟ್ಟೆಕಿಚ್ಚೇ ಇದೆ.

ಆದರೆ ಗುಂಪಿನ ಆಟ ಅಲ್ಲಿಗೆ ನಿಲ್ಲುವುದಿಲ್ಲವಲ್ಲ. ಗೋಲ್‌ಪೋಸ್ಟುಗಳಿಗೆ ಜೋತುಬಿದ್ದು, ಜೀಕಿ, ಬಗ್ಗಿಸಿ, ಕೊನೆಗೆ ಕಿತ್ತೇ ಹಾಕಿದರು. ಮೈದಾನ ಖಾಲಿ ಮಾಡಿ ಎಂದು ಧ್ವನಿವರ್ಧಕದಲ್ಲಿ ಎಷ್ಟು ಬೇಡಿಕೊಂಡರೂ ಕೇಳುವವರಿಲ್ಲ. ವಿಚಿತ್ರ ನೋಡಿ, ಮಳೆ ಇಳಿಮುಖವಾಯಿತು, ಮಿಂಚೂ ನಿಂತಿತು. ಪ್ರಕೃತಿ ತನ್ನ ಅಡ್ಡಿಯನ್ನು ಹಿಂದಕ್ಕೆ ತೆಗೆದುಕೊಂಡಿತ್ತು. ಆದರೆ ಮೈದಾನದ ಮೇಲೆ ನೀರು, ನೀರಿನ ಮೇಲೆ ಜನ, ಎರಡೂ ತುದಿಯಲ್ಲಿ ಇರಬೇಕಾದ ಕಂಬಗಳಿಲ್ಲ. ಇನ್ನು ಆಡುವುದೆಲ್ಲಿ?

ರಾತ್ರಿ 11 ಗಂಟೆ ದಾಟುತ್ತಲೇ ಲೀಗಿನ ಕಮಿಷನರ್ ಪೀಟ್ ರೊಜೆಲ್ ಮತ್ತು ಟ್ರಿಬ್ಯೂನ್ ಪತ್ರಿಕೆಯವರು ಸೇರಿ ಪಂದ್ಯ ಮುಗಿಯಿತೆಂದು ಘೋಷಿಸಿದರು. ಜನ ಕೂಗಿ ಧಿಕ್ಕರಿಸಿದರು. ಇವರೇ ಮೈದಾನ ಹಾಳುಮಾಡಿ, ಪಂದ್ಯ ಯಾಕೆ ನಿಲ್ಲಿಸಿದಿರಿ ಎಂದು ಇವರೇ ಕೇಳುವುದು! ನೀರು ತುಂಬಿದ ಮೈದಾನದಲ್ಲಿ ಅಲ್ಲಲ್ಲಿ ಹೊಡೆದಾಟಗಳೂ ನಡೆದವು. ಪೊಲೀಸರು ಒಂದು ಹದಕ್ಕೆ ತರುವಷ್ಟರಲ್ಲಿ ಸಾಕುಸಾಕಾಯಿತು.

ಕ್ರಿಕೆಟ್ಟಿನಲ್ಲಾದರೆ ಫಲಿತಾಂಶವಿಲ್ಲ ಎಂದು ಬರೆದು ಕೈತೊಳೆದುಕೊಳ್ಳುವ ಸಂದರ್ಭಗಳಿವೆ. ಇಲ್ಲಿ ಹಾಗಾಗಲಿಲ್ಲ. ಇದ್ದ ಅಂಕವನ್ನೇ ಅಂತಿಮವೆಂದು ದಾಖಲಿಸಿದರು. ಉಳಿದ ಹದಿನಾರು ನಿಮಿಷ ಚಿಲ್ಲರೆ ಸಮಯದಲ್ಲಿ ಹುಡುಗರು 24 ಅಂಕ ಹಿಂದೆ ಹಾಕುತ್ತಿದ್ದರು ಎಂದು ಅವರ ತಾಯಂದಿರೂ ವಾದಿಸಿರಲಾರರು.

ಆ ವರ್ಷದ ಡಿಸೆಂಬರಿನಲ್ಲಿ ಟ್ರಿಬ್ಯೂನ್ ಇನ್ನು ಮುಂದೆ ಈ ಪಂದ್ಯ ನಡೆಸುವುದಿಲ್ಲವೆಂದು ಪ್ರಕಟಿಸಿತು. ಅಂದಿನಿಂದ ಇಂದಿನವರೆಗೆ, ಈ ಪಂದ್ಯದ ಮಾತು ಬಂದಾಗಲೆಲ್ಲ ಮಳೆಯ ಹೆಸರು ಬರುತ್ತದೆ. ಮಳೆಯಲ್ಲಿ ಕೊಚ್ಚಿಹೋದ ಪಂದ್ಯ ಎನ್ನುತ್ತಾರೆ. ಹೇಳಲು ಚೆನ್ನಾಗಿದೆ, ಚಿತ್ರವೂ ಕಣ್ಣಿಗೆ ಕಟ್ಟುತ್ತದೆ. ನಾನು ಒಪ್ಪುವುದಿಲ್ಲ.

ಒಂದು ಪಂದ್ಯ ಬದುಕುವುದು ಅದರ ಫಲಿತಾಂಶ ಮೊದಲೇ ಗೊತ್ತಿಲ್ಲದಿರುವುದರಿಂದ. 1934ರಲ್ಲಿ ಗೊತ್ತಿರಲಿಲ್ಲ, 1947ರಲ್ಲೂ ಗೊತ್ತಿರಲಿಲ್ಲ. 1970ರ ದಶಕದಲ್ಲಿ ಎಲ್ಲರಿಗೂ ಗೊತ್ತಿತ್ತು. ವೃತ್ತಿಪರ ಆಟ ತನ್ನ ಯೋಗ್ಯತೆಯನ್ನು ಸಾಬೀತುಪಡಿಸಲು ಹತ್ತಿದ ಏಣಿ ಈ ಪಂದ್ಯ. ಮೇಲೆ ಹತ್ತಿಯಾದ ಮೇಲೆ ಏಣಿ ಯಾರಿಗೂ ಬೇಡವಾಯಿತು. ಗೆದ್ದರೆ ಚಾಂಪಿಯನ್ನರಿಗೆ ಕೀರ್ತಿಯಿಲ್ಲ, ಸೋತರೆ ಮಾನಹಾನಿ. ಹುಡುಗರಿಗೆ ಗಾಯದ ಭಯ. ಮಾಲೀಕರಿಗೆ ಹಣದ ಭಯ. ದತ್ತಿಯ ಹೆಸರೊಂದೇ ಅದನ್ನು ಎತ್ತಿಹಿಡಿದಿತ್ತು. ಆ ರಾತ್ರಿ ನಕ್ಷತ್ರಗಳು ಹೊಳೆಯುತ್ತಿದ್ದರೂ ಇನ್ನೆರಡು ಮೂರು ವರ್ಷದಲ್ಲಿ ಅದು ನಿಂತೇ ಹೋಗುತ್ತಿತ್ತು ಎಂಬುದು ನನ್ನ ತೀರ್ಮಾನ. ಮಿಂಚು ಆ ಕೆಲಸವನ್ನು ಬೇಗ ಮುಗಿಸಿತು ಅಷ್ಟೇ.

ಹಾಗೆ ನೋಡಿದರೆ ತಾರಾ ಪಂದ್ಯಗಳ ಹಣೆಬರಹವೇ ಇಷ್ಟು. ವೃತ್ತಿಪರರದೇ ಇನ್ನೊಂದು ತಾರಾ ಪಂದ್ಯ ಇತ್ತು, ಪ್ರೊ ಬೌಲ್ ಎಂದು. 1980ರಿಂದ ಹವಾಯಿಯ ಹೊನೊಲುಲುವಿನಲ್ಲಿ ಬಹುಕಾಲ ನಡೆಯಿತು. ಅಲ್ಲಿ ಗಾಯವಾದೀತೆಂದು ಯಾರೂ ಯಾರನ್ನೂ ಗಟ್ಟಿಯಾಗಿ ಮುಟ್ಟದ ಹಂತಕ್ಕೆ ಬಂದಿತು. ನೋಡಿ ನೋಡಿ ಬೇಸತ್ತ ಲೀಗು ಈಗ ಅದನ್ನೂ ಕೈಬಿಟ್ಟು, ಸೊಂಟದ ಪಟ್ಟಿಗೆ ಸಿಕ್ಕಿಸಿದ ಬಟ್ಟೆ ಕೀಳುವ ಫ್ಲ್ಯಾಗ್ ಫುಟ್‌ಬಾಲ್ ಆಡಿಸುತ್ತಿದೆ. ಅಲ್ಲಿ ಮಳೆಯ ಮೇಲೆ ತಪ್ಪು ಹೊರಿಸಲು ದಾರಿಯೇ ಇರಲಿಲ್ಲ. ಹಿಂದಿನವರ ಪಂದ್ಯಕ್ಕೆ ಕನಿಷ್ಠ ಒಂದು ಬಿರುಗಾಳಿಯಾದರೂ ಬರಬೇಕಾಯಿತು, ಅದೇ ಅದರ ಮರ್ಯಾದೆ.

ಅಮೆರಿಕದಲ್ಲಿರುವ ನಿಮ್ಮ ಮಗನೋ ಸೊಸೆಯೋ ಬೇಸಿಗೆಯಲ್ಲಿ ನಿಮ್ಮನ್ನು ಶಿಕಾಗೊಗೆ ಕರೆಸಿಕೊಂಡರೆ, ಸರೋವರದ ದಂಡೆಯ ಆ ಕಂಬಸಾಲನ್ನು ನೋಡಿ ಬನ್ನಿ. ಒಳಗಿನ ಕ್ರೀಡಾಂಗಣವನ್ನು 2003ರಲ್ಲಿ ಪೂರ್ತಿ ಹೊಸದಾಗಿ ಕಟ್ಟಿದ್ದಾರೆ, ಕಂಬಗಳು ಮಾತ್ರ ಹಳೆಯವು. ಪ್ಲಾಸ್ಟಿಕ್ ಹುಲ್ಲನ್ನೂ 1988ರಲ್ಲೇ ಕಿತ್ತೆಸೆದು ನಿಜವಾದ ಹುಲ್ಲು ಬೆಳೆಸಿದರು.

ಒಟ್ಟು ಆಡಿದ ಪಂದ್ಯ 42. ವೃತ್ತಿಪರರು ಗೆದ್ದದ್ದು 31, ಕಾಲೇಜಿನವರು 9, ಸಮವಾದದ್ದು 2.